ಪರಸ್ತಾನದ ಗಂಟು

"ಕಟ್ಟಿ ತೋರ್ಸಿ ಅಂದೆ," ಎಂದ ಇನ್ಸ್‌ಪೆಕ್ಟರ್ ಜಿಯಾವುಲ್ಲಾ. "ನಿಮ್ಮ ತಮ್ಮನಿಗೆ ಅವತ್ತು ಹೆಂಗೆ ಕಟ್ಟಿದ್ರೋ ಹಂಗೇ ಕಟ್ಬೇಕು."

ಸುಬ್ಬಮ್ಮ ನಡುಮನೆಯ ಕಂಬಕ್ಕೆ ಒರಗಿ ಕೂತಿದ್ದಳು. ಅವಳ ಮುಂದೆ ಒಂದು ಕೆಂಪು ವಸ್ತ್ರ, ಹಿಡಿ ಅಕ್ಕಿ, ಅಡಿಕೆ, ಅರಿಸಿನ, ಒಂದು ಉಂಡೆ ಬಿಳಿ ದಾರ. ಎಲ್ಲವನ್ನೂ ಬ್ಯಾಟರಾಯನಪುರದ ಅಂಗಡಿಯಲ್ಲಿ ಕೊಂಡು ಜಿಯಾವುಲ್ಲಾನೇ ತಂದು ಸುರಿದಿದ್ದ. ತಮ್ಮನನ್ನು ಮಣ್ಣು ಮಾಡಿ ಬಂದ ಮುದುಕಿಯ ಮುಂದೆ ಇಂಥ ಸಾಮಾನು ಹರಡುವುದು ಮನುಷ್ಯರು ಮಾಡುವ ಕೆಲಸವಲ್ಲ. ಅವನಿಗೆ ಅದು ಗೊತ್ತಿತ್ತು. ಗೊತ್ತಿದ್ದೇ ತಂದಿದ್ದ.

"ಸತ್ತೋನಿಗೆ ಇನ್ನೇನು ಪಯಣ ಸಾಬ್ರೆ?" ಎಂದಳು ಅವಳು.

"ಸತ್ತೋನಿಗಲ್ಲ. ಸಾಯೋಕೆ ಕಾಯ್ತಾ ಇರೋನಿಗೆ. ಕಟ್ಟಿ."

ಸಾಯಲು ಕಾಯುತ್ತಿದ್ದವನು ಮೆಕ್ಯಾನಿಕ್ ಮುನಿಶಾಮಪ್ಪ. ಮೂಡಲ ಕಡೆಯ ಮದ್ರಾಸಿಗೆಂದು ಹಾರಿದ ಸುಬ್ಬಮ್ಮನ ತಮ್ಮ ಲಕ್ಕಣ್ಣನ ಪುಟ್ಟ ವಿಮಾನ ಮೋಡದಲ್ಲಿ ದಾರಿ ತಪ್ಪಿ, ಬಡಗಲಲ್ಲಿ ಚಿಂತಾಮಣಿ ಕಡೆಯ ಬಂಡೆಗೆ ಬಡಿದಿತ್ತು. ಮುರಿದ ರೆಕ್ಕೆ, ಮುರಿದ ಮೂಳೆಗಳ ನಡುವೆ ಕುದುರೆ ಲಾಳದಂಥ ಒಂದು ಅಯಸ್ಕಾಂತ ಸಿಕ್ಕಿತ್ತು. ಅದು ಮುನಿಶಾಮಪ್ಪನ ಶೆಡ್ಡಿನಲ್ಲಿ ಬಿದ್ದಿದ್ದ ಹಳೇ ಎಂಜಿನ್ನಿನದು.

ದಿಕ್ಕು ತೋರಿಸುವ ಮುಳ್ಳಿನ ಹತ್ತಿರ ಅಯಸ್ಕಾಂತ ಇಟ್ಟರೆ ಮುಳ್ಳು ಸುಳ್ಳು ಹೇಳುತ್ತದೆ. ಇದು ಮೆಕ್ಯಾನಿಕ್ಕಿಗಲ್ಲದೆ ಇನ್ನಾರಿಗೆ ಗೊತ್ತಿರಲು ಸಾಧ್ಯ? ದೊಡ್ಡ ಸಾಹೇಬರು ಅಷ್ಟಕ್ಕೇ ಕೇಸು ಮುಗಿಸಿ ಕೈ ತೊಳೆದುಕೊಂಡಿದ್ದರು. ಈ ಮಧ್ಯಾಹ್ನ ಮುನಿಶಾಮಪ್ಪನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುತ್ತಾರೆ. ಆಮೇಲೆ ಉಳಿಯುವುದು ಹಗ್ಗವೊಂದೇ.

ಅವನ ಬಲಗೈ ಬೆರಳುಗಳು ಊದಿಕೊಂಡು ಮಡಚಲು ಬಾರದಂತಾಗಿದ್ದವು. ಆ ಬೆರಳುಗಳ ಮೇಲೆ ರೂಲುದೊಣ್ಣೆ ಆಡಿಸಿದವನು ಜಿಯಾವುಲ್ಲಾನೇ. ಅದರ ಬಗ್ಗೆ ಅವನಿಗೆ ಅಂಥ ಪಶ್ಚಾತ್ತಾಪವೇನೂ ಇರಲಿಲ್ಲ. ಕಳ್ಳನಾದರೆ ಹೇಳುತ್ತಾನೆ, ಅಲ್ಲದಿದ್ದರೆ ಅರಚುತ್ತಾನೆ. ಮುನಿಶಾಮಪ್ಪ ಬರೀ ಅರಚಿದ್ದ. ಠಾಣೆಯ ಮುಂದಿನ ಹೊಂಗೆ ಮರದಡಿ ಕೂತಿದ್ದ ಅವನ ಹೆಂಡತಿ ಮುನಿಯಲ್ಲಮ್ಮ ಆ ಅರಚಾಟವನ್ನೆಲ್ಲ ಕೇಳಿಸಿಕೊಂಡಿದ್ದಳು. ಈ ಬೆಳಿಗ್ಗೆಯೂ ಅವಳು ಅಲ್ಲೇ ಕೂತಿದ್ದಳು, ಜಿಯಾವುಲ್ಲಾ ಜೀಪು ಹತ್ತುವಾಗ ಎದ್ದು ನಿಂತು ಕೈ ಮುಗಿದಳು. ಬೆರಳು ಮುರಿದವನಿಗೇ ಕೈ ಮುಗಿಯಬೇಕಾದ ಬಾಳು ನಾಯಿಗೂ ಬೇಡ.

ಸುಬ್ಬಮ್ಮ ದಾರವನ್ನು ಅರಿಸಿನದಲ್ಲಿ ತಿಕ್ಕಿದಳು. ಅಕ್ಕಿಗೆ ಅರಿಸಿನ ಕಲಸಿ, ಅಡಿಕೆ ಇಟ್ಟು, ವಸ್ತ್ರದ ನಾಲ್ಕು ಮೂಲೆ ಸೇರಿಸಿದಳು.

ಜಿಯಾವುಲ್ಲಾ ಅವಳ ಬೆರಳನ್ನೇ ನೋಡುತ್ತಿದ್ದ. ಯಲಹಂಕದ ಸಾಬರ ಬೀದಿಯಲ್ಲಿ ಹುಟ್ಟಿ ಬೆಳೆದವನಿಗೆ ಈ ಗಂಟು ಹೊಸದಲ್ಲ. ಒಳ್ಳೇ ಘಳಿಗೆ ಇವತ್ತಿದ್ದು, ಹೊರಡುವುದು ನಾಳೆಯಾದರೆ, ಘಳಿಗೆ ಮೀರುವ ಮೊದಲು ಒಂದು ಗಂಟು ಕಟ್ಟಿ ಬೇರೆಯವರ ಮನೆಯಲ್ಲಿ ಇಟ್ಟುಬಿಡುತ್ತಾರೆ. ಗಂಟು ಹೊರಟರೆ ಆಳು ಹೊರಟ ಹಾಗೆ ಲೆಕ್ಕ. ಅದಕ್ಕೆ ಪರಸ್ತಾನ ಇಡುವುದು ಎನ್ನುತ್ತಾರೆ. ಬೇರೆ ಮನೆ ಎಂದರೆ ಬೇರೆ ಮನೆಯೇ; ಎದುರು ಮನೆಯವರ ಎಷ್ಟೋ ಗಂಟುಗಳು ಜಿಯಾವುಲ್ಲಾನ ತಾಯಿ ಫಖ್ರುನ್ನೀಸಾಳ ಅಟ್ಟದ ಮೇಲೆ ರಾತ್ರಿ ಕಳೆದಿದ್ದವು. ಮಾರನೆಯ ದಿನ ಎತ್ತಿಕೊಂಡ ಗಂಟು ಊರು ಸೇರುವ ತನಕ ನೆಲ ಮುಟ್ಟಬಾರದು.

ಲಕ್ಕಣ್ಣ ಸ್ವಂತ ವಿಮಾನ ಕೊಂಡದ್ದೇ ಈ ಗಂಟಿಗಾಗಿ ಎಂದು ಊರು ನಗುತ್ತಿತ್ತು. ಏರ್‌ಲೈನ್ಸಿನ ದೊಡ್ಡ ವಿಮಾನ ರಾಹುಕಾಲ ಕೇಳುವುದಿಲ್ಲ. ಗಂಟನ್ನು ತಕ್ಕಡಿಗೆ ಹಾಕಿ, ಚೀಟಿ ಅಂಟಿಸಿ, ಸೂಟ್‌ಕೇಸುಗಳ ಅಡಿಗೆ ತಳ್ಳುತ್ತದೆ. ಅವನ ಹೆಂಡತಿ ಗಂಗರತ್ನಮ್ಮ ಮಾತ್ರ ದೊಡ್ಡ ವಿಮಾನದಲ್ಲೇ ಹೋಗುವವಳು. ಗಂಡನ ಡಬ್ಬಿಯಲ್ಲಿ ಕೂತು ತಲೆ ಕೆದರಿಸಿಕೊಳ್ಳುವುದಕ್ಕಿಂತ, ಬಿಳಿ ಕೈಗವಸಿನ ಹುಡುಗಿಯರು ಪೆಪ್ಪರ್‌ಮಿಂಟ್ ಕೊಡುವ ಕಡೆ ಕೂರುವುದೇ ಮರ್ಯಾದೆ ಎನ್ನುತ್ತಿದ್ದಳು. ಲಕ್ಕಣ್ಣ ತನ್ನ ಡಬ್ಬಿಯಲ್ಲಿ ಗಂಟನ್ನು ಕಣ್ಣ ಮುಂದಿನ ಹಲಗೆಯ ಮೇಲೆ, ದಿಕ್ಕಿನ ಮುಳ್ಳಿನ ಪಕ್ಕದಲ್ಲೇ ಇಟ್ಟುಕೊಂಡು ಹಾರುತ್ತಿದ್ದ.

ಗಂಟು ಅಕ್ಕನ ಕೈಯದೇ ಆಗಬೇಕು ಅವನಿಗೆ. ಗಂಡ ಸತ್ತವಳ ಕೈ ಶುಭವಲ್ಲ ಎಂದು ಊರು ಅಂದರೂ, ನನಗೆ ಮೊಲೆ ಕೊಟ್ಟಿಲ್ಲ ಅನ್ನೋದೊಂದು ಬಿಟ್ರೆ ಅವಳೇ ನನ್ನ ಅವ್ವ ಎಂದು ಊರಿನ ಬಾಯಿ ಮುಚ್ಚಿಸುತ್ತಿದ್ದ.

"ತಕ್ಕಳಿ," ಎಂದಳು ಸುಬ್ಬಮ್ಮ.

ಗಂಟಿನ ಕೊರಳಿಗೆ ಹಳದಿ ದಾರ ಸುತ್ತಿ, ತುದಿಯನ್ನು ಸುತ್ತಿನೊಳಗೇ ತೂರಿಸಿ ಎಳೆದಿದ್ದಳು. ಜಿಯಾವುಲ್ಲಾ ಜೇಬಿನಿಂದ ಒಂದು ಪೊಟ್ಟಣ ತೆಗೆದು ಬಿಚ್ಚಿದ. ಒಳಗೆ ಅಯಸ್ಕಾಂತ. ಅದರ ಸೊಂಟಕ್ಕೆ ಅಂಟಿಕೊಂಡಂತೆ ಒಂದು ತುಂಡು ದಾರ ಉಳಿದಿತ್ತು. ಅದೇ ಹಳದಿ, ಅದೇ ಸುತ್ತು, ತುದಿ ಅದೇ ರೀತಿ ಒಳಗೆ ತೂರಿತ್ತು. ದಾರಕ್ಕೂ ಕಬ್ಬಿಣಕ್ಕೂ ನಡುವೆ ಹಳದಿ ಅಕ್ಕಿಕಾಳು ಸಿಕ್ಕಿಕೊಂಡಿದ್ದವು.

ಪೈಲಟ್ಟು ಚಿತ್ರಾನ್ನ ತಿಂದಿರಬೇಕು ಕಣ್ರೀ ಎಂದಿದ್ದರು ದೊಡ್ಡ ಸಾಹೇಬರು. ಅನ್ನಕ್ಕೂ ಅಕ್ಕಿಗೂ ವ್ಯತ್ಯಾಸ ಗೊತ್ತಿಲ್ಲದವರು ಮೇಲಿನ ಕುರ್ಚಿಯಲ್ಲಿ ಕೂರುವುದು ಹೊಸ ಸಂಗತಿಯೇನಲ್ಲ. ಆದರೆ ಕೊಲ್ಲುವ ಮೆಕ್ಯಾನಿಕ್ ಅಯಸ್ಕಾಂತಕ್ಕೆ ಅರಿಸಿನದ ದಾರ ಯಾಕೆ ಸುತ್ತುತ್ತಾನೆ ಎಂದು ಜಿಯಾವುಲ್ಲಾ ರಾತ್ರಿಯೆಲ್ಲ ಯೋಚಿಸಿದ್ದ. ಅರಿಸಿನ ಮುಟ್ಟಿಸದೆ ಗಂಟಿಗೆ ಏನನ್ನೂ ಹಾಕಬಾರದು ಎಂದು ಕೈಗೆ ಅಭ್ಯಾಸವಾದವರು ಮಾತ್ರ ಹಾಗೆ ಸುತ್ತುತ್ತಾರೆ.

"ವೆಂಕಟಸ್ವಾಮಿ," ಎಂದು ಕಾನ್‌ಸ್ಟೇಬಲ್ಲನ್ನು ಕೂಗಿದ, "ನೀನು ಅಂಗಳದಲ್ಲಿರು. ಬಾಗಿಲು ಮುಂದಕ್ಕೆ ಎಳ್ಕೊ."

ಮುದುಕಿಯ ಗೋಳು ನೋಡಲು ಇನ್ನೊಬ್ಬ ಬೇಡ ಎಂದು ಅವನು ಹಾಗೆ ಮಾಡಿದ. ಅವನಲ್ಲಿ ಅಷ್ಟು ಮಾತ್ರ ದಯೆ ಉಳಿದಿತ್ತು. ಆ ಅಷ್ಟು ದಯೆಯೇ ಅವನಿಗೆ ಮುಳುವಾಯಿತು.

ಜಕ್ಕೂರಿನ ವಿಮಾನ ಕ್ಲಬ್ಬಿನಿಂದ ಕೇಳಿ ತಂದಿದ್ದ ದಿಕ್ಸೂಚಿಯನ್ನು ಮಣೆಯ ಮೇಲಿಟ್ಟ. ಗಾಜಿನೊಳಗೆ ಮುಳ್ಳು ಅಲುಗಾಡಿ, ಬಡಗಲು ಹಿಡಿದು ನಿಂತಿತು.

"ಈ ಕಬ್ಬಿಣ ನಿಮಗೆ ಕೊಟ್ಟೋರು ಯಾರು ಅಮ್ಮಾ?"

ಅವಳು ಕೈಗೆ ಅಂಟಿದ ಅರಿಸಿನವನ್ನು ಸೆರಗಿಗೆ ಒರೆಸಿಕೊಂಡಳು.

"ದೃಷ್ಟಿ ತಾಕಲ್ಲ, ಸೂಜಿಗಲ್ಲು, ಗಂಟಿನಲ್ಲಿಡಿ ಅಂತ ಯಾರೋ ಅಂದಿದ್ದಾರೆ. ನೀವು ನಂಬಿದ್ದೀರಿ. ಯಾರು? ಗಂಗರತ್ನಮ್ಮನಾ?"

"ಅವ್ಳು ನನ್ ಮನೆ ಒಸ್ಲು ತುಳ್ಯಲ್ಲ ಸಾಬ್ರೆ."

"ಮತ್ಯಾರು?"

ಹೊರಗೆ ಮೋಡ ಕವಿದು ನಡುಮನೆ ಕಪ್ಪಿಟ್ಟಿತ್ತು. ಜಿಯಾವುಲ್ಲಾನಿಗೆ ತಾಳ್ಮೆ ತಪ್ಪಿತು. ಹೆಸರು ಬೇಕು, ಹೊತ್ತಿಲ್ಲ. ಹೆಸರು ಹೊರಡಿಸಲು ಒಂದೇ ದಾರಿ: ಇವಳ ಎದೆ ಒಡೆಯಬೇಕು. ಒಡೆದರೆ ಒಡೆಯಲಿ ಎಂದುಕೊಂಡ.

ಅಯಸ್ಕಾಂತವನ್ನು ಅವಳೇ ಕಟ್ಟಿದ ಗಂಟಿನೊಳಗೆ ತುರುಕಿ, ಮಣೆಯ ಕಡೆ ತಂದ. ಮುಳ್ಳು ಬೆದರಿ ಪಕ್ಕಕ್ಕೆ ಜಾರಿತು.

"ನೋಡಿ. ಕಣ್ಣು ಬಿಟ್ಟು ನೋಡಿ. ಮೋಡದಲ್ಲಿ ನಿಮ್ಮ ತಮ್ಮನಿಗೆ ನೆಲ ಕಾಣ್ಸಲಿಲ್ಲ. ಈ ಮುಳ್ಳೊಂದೇ ಗತಿ. ಮದ್ರಾಸು ಅಲ್ಲಿ ಅಂತ ಮುಳ್ಳು ತೋರಿಸ್ತು, ಇವನು ನಂಬಿದ, ಬಂಡೆಗೆ ಹೋಗಿ ಹೊಡ್ದ. ಮುಖ ಗುರುತು ಸಿಗ್ಲಿಲ್ಲ. ಕೈಬೆರಳಿನ ಉಂಗುರ ನೋಡಿ ಲಕ್ಕಣ್ಣ ಅಂತ ಬರ್ಕೊಂಡ್ವಿ. ಅವನನ್ನ ಕೊಂದಿದ್ದು ಈ ಗಂಟು. ಕಟ್ಟಿದ್ದು ನಿಮ್ಮ ಕೈ."

ಈಗ ಎದೆ ಬಡಿದುಕೊಳ್ಳುತ್ತಾಳೆ ಎಂದು ಕಾದ.

ಸುಬ್ಬಮ್ಮ ಮುಂದಕ್ಕೆ ಬಾಗಿ ಮುಳ್ಳನ್ನು ನೋಡಿದಳು. ತಲೆ ಅಲ್ಲಾಡಿಸಿದಳು.

"ಇನ್ನೂ ವಸಿ ಅತ್ರ ಇಡೀರಿ ಸಾಬ್ರೆ," ಎಂದಳು. "ಅವ್ನು ಮಡಗ್ತಿದ್ದ ಜಾಗ ಇನ್ನೂ ಅತ್ರ ಇತ್ತು."

ಜಿಯಾವುಲ್ಲಾನ ಕೈ ಗಾಳಿಯಲ್ಲೇ ನಿಂತಿತು. ಇಷ್ಟು ವರ್ಷದ ನೌಕರಿಯಲ್ಲಿ ಎಷ್ಟೋ ಕೊಲೆಗಡುಕರನ್ನು ಕಂಡಿದ್ದವನಿಗೂ ಇಂಥ ಮಾತು ಹೊಸದು. ತಾನು ಕನಿಕರ ಪಟ್ಟದ್ದು ಯಾರ ಮೇಲೆ ಎಂದು ಅವನಿಗೆ ಆಗ ತಿಳಿಯಿತು.

"ನಿಮಗೆ ಗೊತ್ತಿತ್ತು," ಎಂದ.

"ಅವ್ನೇ ಏಳ್ಕೊಟ್ಟಿದ್ದು. ಒಂದ್ಸಲ ನನ್ನೂ ಕೂರುಸ್ಕೊಂಡು ಆರ್ಸಿದ್ದ. ಎಲೆಅಡಿಕೆ ಡಬ್ಬಿ ತಗ್ದು ಆ ಅಲಗೆ ಮೇಲೆ ಮಡಗ್ದೆ. ಕೈ ಮೇಲೆ ಏಟು ಕೊಟ್ಟ. ಕಬ್ಬಿಣ ಇಲ್ಲಿಡ್ಬ್ಯಾಡಕ್ಕ, ಮುಳ್ಳು ಉಚ್ಚಾದ್ರೆ ಇಬ್ರೂ ಸಾಯ್ತೀವಿ ಅಂದ. ಅವತ್ತೇ ಕಲ್ತೆ."

"ಸಾಕಿದ ಕೈ ಅಮ್ಮಾ ಅದು."

"ಊಂ, ಸಾಕ್ದೆ. ಅವ್ನ ಏಲುಚ್ಚೆ ಬಾಚ್ದೋಳು ನಾನೇ." ಅವಳ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ಇಮಾನ ಓಡ್ಸಕ್ಕೆ ಇತ್ಲ ಒಲ ಮಟ್ಟ ಮಾಡ್ಸುದ್ನಲ್ಲ, ಅಲ್ಲಿ ಏನಿತ್ತು ಗೊತ್ತಾ ಸಾಬ್ರೆ?"

"ದ್ರಾಕ್ಷಿ ತೋಟ."

"ತೋಟದ ಮೂಲೆಲಿ ನನ್ ಮಗನ್ನ ಮಣ್ಣು ಮಾಡಿದ್ ಗುಡ್ಡೆ ಇತ್ತು. ಏಳೊರ್ಸದ ಮಗ, ಸಿಡುಬಲ್ಲಿ ಓದ. ಒಬ್ನೇ ಇದ್ದಿದ್ದು. ಕಾಲಿಗ್ ಬಿದ್ದೆ. ಆ ಮೂಲೆ ಒಂದು ಬಿಡಪ್ಪ, ನಿನ್ ಚಕ್ರಕ್ಕೆ ಉಳಿದಿದ್ದೆಲ್ಲ ಇದ್ಯಲ್ಲ ಅಂದೆ. ಮೂಲೆ ಬಿಟ್ರೆ ಉದ್ದ ಸಾಲಕ್ಕಿಲ್ಲಕ್ಕ ಅಂದ. ಜಕ್ಕೂರಲ್ಲಿ ಓಗಿ ಆರು ಅಂದೆ. ಅಲ್ಲಿ ಅವ್ರು ಏಳಿದ್ ಒತ್ತಿಗೆ ಓಗ್ಬೇಕು, ನಂಗೆ ನನ್ ಘಳಿಗೆ ಬೇಕು ಅಂದ."

ಅವಳು ಚೆಲ್ಲಿದ ಅಕ್ಕಿಕಾಳನ್ನು ಒಂದೊಂದಾಗಿ ಆರಿಸತೊಡಗಿದಳು.

"ರೋಲರ್ ಓಡಿಸ್ದೋನು ನಿಮ್ ಮುನಿಶಾಮಿ. ನಾನು ಅಡ್ಡ ಮಲಿಕ್ಕಂಡೆ. ತೋಳಿಡಿದು ಎಳ್ದು ಪಕ್ಕಕ್ಕಾಕ್ದ. ನೆತ್ತಿ ಮೇಲೆ ನೆಟ್ಟಿದ್ ಕಲ್ಲನ್ನ ಗಂಗರತ್ನ ಗಾಡಿಲಿ ಏರುಸ್ಕೊಂಡು ಓದ್ಳು. ಚಪ್ಪಟೆಯಾಗಿ ಚೆನ್ನಾಗೈತೆ ಅಂತ ಬಚ್ಚಲ ಮುಂದೆ ಆಕ್ಸಿದ್ಳು. ಬಟ್ಟೆ ಒಗ್ಯಕ್ಕೆ. ಈಗ್ಲೂ ಅಲ್ಲೇ ಐತೆ, ಓಗಿ ನೋಡಿ. ಇಲ್ಲಿ ಕುಂತ್ರೆ ಬಟ್ಟೆ ಕುಕ್ಕೋದು ಕೇಳಿಸ್ತದೆ. ಅತ್ಲಗೆ ಅವ್ನ ಇಮಾನ ಇಳ್ಯೋದು ಕೇಳಿಸ್ತದೆ. ನನ್ ಮಗನ ಎದೆ ಮೇಲೆ ಚಕ್ರ ಇಳೀತಿತ್ತು ಸಾಬ್ರೆ, ಇಳ್ದಾಗ್ಲೆಲ್ಲ ನಾನು ಇದೇ ಕಂಬ ಇಡ್ಕೊಂಡು ಕುಂತಿರ್ತಿದ್ದೆ. ಸಂಜೆ ಬಂದು, ಅಕ್ಕ ಗಂಟು ಕಟ್ಟು ಅಂತಿದ್ದ. ಕಟ್ತಿದ್ದೆ."

ಇವಳ ದುಃಖ ದೊಡ್ಡದು ಎಂದು ಜಿಯಾವುಲ್ಲಾನಿಗೆ ಅನ್ನಿಸಿತು. ಅದಕ್ಕಿಂತ ದೊಡ್ಡದಾಗಿ ಭಯವಾಯಿತು. ಪೊಲೀಸಿನವನ ಬುದ್ಧಿ ಮಾತ್ರ ಅಭ್ಯಾಸದ ಮೇಲೆ ಓಡುತ್ತಿತ್ತು.

"ಏಳಿ. ಜೀಪು ಹತ್ತಿ. ಇದನ್ನೇ ಮ್ಯಾಜಿಸ್ಟ್ರೇಟರ ಮುಂದೆ ಹೇಳ್ತೀರಿ. ಮುನಿಶಾಮಪ್ಪ ಸಂಜೆಗೆ ಮನೆಗೆ ಹೋಗ್ತಾನೆ."

"ಬತ್ತೀನಿ. ಯಾಕ್ ಬರಲ್ಲ?" ಸುಬ್ಬಮ್ಮ ಸೆರಗು ಸರಿಮಾಡಿಕೊಂಡಳು. "ಆದ್ರೆ ಇದ್ನಲ್ಲ ಏಳೋದು. ಮುನಿಶಾಮಿ ಈ ಸೂಜಿಗಲ್ಲು ಕೊಟ್ಟ ಸ್ವಾಮಿ, ದೃಷ್ಟಿಗೆ ಒಳ್ಳೇದು, ಗಂಟಲ್ಲಿ ಮಡಗು ಅಂದ, ನಾನು ಪೆದ್ದಿ, ನಂಬ್ದೆ, ನನ್ ಕೈಯಾರೆ ನನ್ ತಮ್ಮನ್ನ ಕಳುಸ್ಬುಟ್ಟೆ ಅಂತೀನಿ. ಅತ್ತು ಒಳ್ಳಾಡ್ತೀನಿ. ಅರಿಸಿನದ ದಾರನೂ ತೋರುಸ್ತೀನಿ, ನೀವೇ ತಂದಿದ್ದೀರಲ್ಲ."

ಅವನು ಬಾಗಿಲ ಕಡೆ ತಿರುಗಿದ. ಬಾಗಿಲು ಮುಚ್ಚಿತ್ತು. ಮುಚ್ಚಿಸಿದವನು ತಾನೇ. ಅವಳಾಡಿದ ಮಾತಿಗೆ ಈ ಕಂಬ ಬಿಟ್ಟರೆ ಇನ್ನೊಂದು ಸಾಕ್ಷಿಯಿಲ್ಲ.

ಮುನಿಶಾಮಪ್ಪನನ್ನು ಬಿಡಿಸಲು ಹುಡುಕಿ ತೆಗೆದ ದಾರ ಮುನಿಶಾಮಪ್ಪನ ಕೊರಳಿಗೇ ಸುತ್ತಿಕೊಂಡಿತ್ತು. ಇಷ್ಟು ದಿನ ಕೇಸಿನಲ್ಲಿ ಒಂದು ತೂತಿತ್ತು: ಅಯಸ್ಕಾಂತ ವಿಮಾನದೊಳಗೆ ಹೇಗೆ ಹೋಯಿತು ಎಂದು ಹೇಳುವವರಿರಲಿಲ್ಲ. ಈಗ ಸಾಕ್ಷಿ ಹೇಳಲು ತಲೆ ನರೆತ ಅಕ್ಕ ಸಿದ್ಧಳಾಗಿದ್ದಳು.

"ಅವನಿಗೂ ಹೆಂಡತಿ ಇದಾಳೆ," ಎಂದ ಜಿಯಾವುಲ್ಲಾ. ಅದು ಪೊಲೀಸಿನವನ ದನಿಯಾಗಿರಲಿಲ್ಲ. "ಅವನು ಕೂಲಿಯವನು ಅಮ್ಮಾ. ಧಣಿ ಹೇಳಿದ, ರೋಲರ್ ಓಡಿಸ್ದ."

"ನಾನು ಅಡ್ಡ ಮಲಗಿದ್ದೆ," ಎಂದಳು ಸುಬ್ಬಮ್ಮ, ಮಗುವಿಗೆ ಮತ್ತೊಮ್ಮೆ ಬಿಡಿಸಿ ಹೇಳುವ ಹಾಗೆ. "ಕಂಡಿದ್ದ."

"ಗಂಗರತ್ನಮ್ಮ ಎಲ್ಲಿ ಈಗ? ಗುಡ್ಡೆ ಮೇಲಿನ ಆ ಕಲ್ಲು ತಂದಿದ್ದು, ನಿಮ್ಮ ಜಗಳ, ಅವಳ ಬಾಯಲ್ಲೇ ಹೇಳಿಸ್ತೀನಿ."

"ಅವ್ಳು ಮದ್ರಾಸ್ಗೆ ಓಯ್ತಾವ್ಳೆ."

"ಏರ್‌ಲೈನ್ಸಲ್ಲಾ? ಒಳ್ಳೇದಾಯ್ತು. ಇಳ್ಯೋ ಹೊತ್ತಿಗೆ ಅಲ್ಲಿನ ಪೊಲೀಸಿಗೆ ಫೋನ್ ಹೋಗಿರುತ್ತೆ."

ಮುದುಕಿ ಮೊದಲ ಸಲ ನಕ್ಕಳು. ಎಲೆಅಡಿಕೆ ತಿಂದ ಹಲ್ಲುಗಳು ಕತ್ತಲಲ್ಲಿ ಕಂಡವು.

"ಪರಸ್ತಾನ ಇಟ್ಟು ಒಂಟ ಪಯಣ ಅರ್ಧಕ್ಕೆ ನಿಲ್ಬಾರ್ದು ಸಾಬ್ರೆ. ನಿಂತ್ರೆ ಸತ್ತೋನು ದಾರಿಲೇ ಅಲೀತಿರ್ತಾನೆ. ಎಂಡ್ತಿಯಾದೋಳು ಅಂತಾದ್ದೇ ಸಣ್ ಇಮಾನದಲ್ಲಿ, ಅದೇ ದಾರಿಲಿ ಓಗಿ ಮುಗುಸ್ಬೇಕು. ಇದನ್ನ ಅವ್ಳಿಗೆ ನಾನೇ ಏಳ್ದೆ. ಶಾಸ್ತ್ರದಲ್ಲಿಲ್ಲ, ನಾನು ಕಟ್ಟಿದ್ ಕತೆ. ಮೂರು ರಾತ್ರಿ ಅವ್ನು ಕನಸಲ್ಲಿ ಬಂದ್ನಂತೆ, ಎದ್ರುಕೊಂಡು ಒಪ್ಪಿದ್ಳು. ಜಕ್ಕೂರಿನ ಕ್ಲಬ್ಬಿನೋರು ಒಬ್ಬ ಪೈಲಟ್ನ ಕೊಟ್ಟವ್ರೆ. ಬೆಳಿಗ್ಗೆ ಬಂದು ಒಸ್ಲಾಚೆ ನಿಂತೇ ಗಂಟು ಈಸ್ಕೊಂಡು ಓದ್ಳು."

ಜಿಯಾವುಲ್ಲಾ ಕೇಳುವ ಮೊದಲೇ ಅವಳು ಹೇಳಿದಳು.

"ಶೆಡ್ಡಲ್ಲಿ ಇಂಥಾ ಲಾಳ ಜೋಡಿ ಇದ್ವು."

"ಆ ಪೈಲಟ್ಟು ನಿಮಗೇನು ಮಾಡಿದ್ದ?"

"ಅವ್ನು ಏನೂ ಮಾಡಿಲ್ಲ. ನನ್ ಮಗ ಏನ್ ಮಾಡಿದ್ದ?"

ಆಗಲೇ ಹೆಂಚುಗಳು ಅದುರಿದವು. ಮನೆಯ ಮೇಲೆ, ಬಹಳ ತಗ್ಗಿನಲ್ಲಿ, ಪುಟ್ಟ ಎಂಜಿನ್ನೊಂದರ ಸದ್ದು ಹಾದುಹೋಯಿತು.

ಜಿಯಾವುಲ್ಲಾ ಬಾಗಿಲು ಒದ್ದು ಅಂಗಳಕ್ಕೆ ಬಿದ್ದ. ಬೂದು ಮೋಡದ ಅಡಿಯಲ್ಲಿ ಬಿಳಿ ವಿಮಾನ ಹೆಬ್ಬಾಳದ ಕೆರೆಯ ಕಡೆ ಒಂದು ಸುತ್ತು ಹಾಕಿ ಮೇಲೇರುತ್ತಿತ್ತು. ಏರ್‌ಲೈನ್ಸಿನ ದೊಡ್ಡ ವಿಮಾನವಾಗಿದ್ದರೆ ಗಂಟು ಹೊಟ್ಟೆಯೊಳಗೆ ಬಿದ್ದಿರುತ್ತಿತ್ತು. ಕೂಗಿ ಹಿಂದಕ್ಕೆ ಕರೆಯಲು ರೇಡಿಯೋ ಇರುತ್ತಿತ್ತು. ಇದರಲ್ಲಿ ರೇಡಿಯೋ ಇಲ್ಲ, ಕಣ್ಣ ಮುಂದಿನ ಹಲಗೆಯ ಮೇಲೆ ಗಂಟಿದೆ. ಅವನು ಹುಚ್ಚನಂತೆ ಟೋಪಿ ಬೀಸಿದ. ಮೇಲಿನಿಂದ ನೋಡಿದವರಿಗೆ ಯಾರೋ ಬೀಳ್ಕೊಡುತ್ತಿದ್ದಾರೆ ಎಂದು ಕಂಡಿರಬೇಕು.

ವಿಮಾನ ಮೋಡಕ್ಕೆ ಮೂಗು ತೂರಿಸಿತು.

ಸುಬ್ಬಮ್ಮ ಹೊಸ್ತಿಲ ಮೇಲೆ ಬಂದು ನಿಂತಿದ್ದಳು. ಅಂಗಳದಲ್ಲಿದ್ದ ವೆಂಕಟಸ್ವಾಮಿಗೆ ಕೇಳಿಸದ ಹಾಗೆ ಮೆಲ್ಲಗೆ ಹೇಳಿದಳು.

"ಅದು ಬಿದ್ರೆ ನಿಮ್ ಮುನಿಶಾಮಿ ಉಳ್ಕೋಬೋದು ಸಾಬ್ರೆ. ಜೈಲಲ್ಲಿ ಬೆರಳು ಮುರ್ಕೊಂಡು ಬಿದ್ದಿರೋನು ಗಂಟಿಗೆ ಸೂಜಿಗಲ್ಲಾಕಕ್ಕಾಯ್ತದಾ ಅಂತ ಯಾರಾನಾ ಕೇಳೇ ಕೇಳ್ತಾರೆ. ಬೀಳ್ದೇ ಓದ್ರೆ ಅವ್ನ ಕತೆ ಮುಗೀತು, ನಾನ್ ಏಳೋದೇ ನಿಜ. ನಿಮ್ಗೆ ಯಾವ್ದು ಬೇಕು ಏಳಿ. ಆ ದೇವ್ರತ್ರ ನಾನೂ ಕೇಳ್ಕೋತೀನಿ."

ಜಿಯಾವುಲ್ಲಾನ ಬಾಯಿಗೆ ದುವಾ ಬಂತು. ಅದು ಮೋಡದೊಳಗಿನ ಇಬ್ಬರಿಗಾಗಿಯೋ, ಹೊಂಗೆ ಮರದಡಿ ಕೂತವಳಿಗಾಗಿಯೋ ಎಂದು ನಾಲಿಗೆಗೆ ಗೊತ್ತಾಗಲಿಲ್ಲ. ಬೀಳಲಿ ಎಂಬ ಮಾತು ಒಳಗೆಲ್ಲೋ ಹುಟ್ಟಿದ್ದು ಅವನಿಗೆ ಕೇಳಿಸಿತು, ಆ ದನಿ ತನ್ನದೇ ಎಂದು ಗುರುತು ಸಿಕ್ಕಿತು.

ವೆಂಕಟಸ್ವಾಮಿ ಹಣೆಗೆ ಕೈ ಅಡ್ಡ ಹಿಡಿದು, ಸದ್ದು ಹೋದ ದಿಕ್ಕಿಗೇ ಕಿವಿಗೊಟ್ಟು ನಿಂತಿದ್ದ.

"ಗಂಗರತ್ನಮ್ಮನೋರು ಮದ್ರಾಸಿಗೆ ಅಂತ ಊರೆಲ್ಲ ಹೇಳ್ತಿತ್ತಲ್ಲ ಸಾರ್," ಎಂದ. "ಮತ್ತೆ ಇದ್ಯಾಕೆ ಬಡಗಲ ಕಡೆ ತಿರುಗ್ತಾ ಇದೆ?"